ಏನೂ ಮೈಂಡ್ ಮಾಡ್ಬೇಡಿ...

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು ಅಂತ ಯಾವುದಾದರೂ ಕ್ವಿಜ್‌ನಲ್ಲಿ ಕೇಳಿದರೆ ಉತ್ತರ ಸುಲಭ. ಬಹುಕಾಲ ಆ ಪಟ್ಟ 'ಸೆಟ್' ಅನ್ನೋ ಪುಟ್ಟ ಪದದ್ದಾಗಿತ್ತು. 2011ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು 'ರನ್' ಅನ್ನೋ ಕ್ರಿಯಾಪದವನ್ನು ಹಿಡಿದು ಜಾಲಾಡಿ, ಅದೊಂದಕ್ಕೇ 645 ಅರ್ಥಗಳಿವೆ ಅಂತ ಲೆಕ್ಕ ಕೊಟ್ಟರು. ಓಡೋದಕ್ಕೆ ಇಷ್ಟೊಂದು ದಾರಿಗಳಿವೆ ಅಂತ ಯಾರಿಗೆ ಗೊತ್ತಿತ್ತು!

ಆದರೆ ಲಂಡನ್ನಿನಲ್ಲಿ ಬದುಕುವವರನ್ನು ಕೇಳಿ ನೋಡಿ. ಬೆಳಗ್ಗೆ ಮನೆಯಿಂದ ಹೊರಟು ಸಂಜೆ ಮನೆ ಸೇರೋವಷ್ಟರಲ್ಲಿ ಹತ್ತಾರು ವೇಷ ಹಾಕಿಕೊಂಡು ಎದುರಾಗೋ ಪದ ಬೇರೆಯೇ ಇದೆ. ಅದು 'ಮೈಂಡ್'.

ಇದೇನು ಮಹಾ, ಮೈಂಡ್ ಅಂದ್ರೆ ಮನಸ್ಸು ಅಲ್ವಾ, ಮೂರನೇ ಕ್ಲಾಸಿನ ಮಗುವಿಗೂ ಗೊತ್ತು ಅಂತೀರಾ? ನಮ್ಮ ಕನ್ನಡದಲ್ಲೇ ನೋಡಿ. "ಮೈಂಡ್ ಅಪ್‌ಸೆಟ್ ಆಗಿದೆ" ಅಂದಾಗ ಅದು ಮನಸ್ಸು, ಸರಿ. "ಮೈಂಡೇ ವರ್ಕ್ ಆಗ್ತಿಲ್ಲ" ಅಂದಾಗ ಅದು ತಲೆ. "ಮೈಂಡಲ್ಲಿ ಇಟ್ಕೋ" ಅಂದರೆ ನೆನಪು. "ಅವಳು ನನ್ನ ಮೈಂಡೇ ಮಾಡಲ್ಲ ಕಣೋ" ಅಂತ ಹುಡುಗ ಗೋಳಾಡಿದರೆ ಅದು ಲೆಕ್ಕಕ್ಕೇ ತೊಗೊಳ್ಳದಿರೋದು. "ಮೈಂಡ್ ಮಾಡ್ಬೇಡಿ ಸಾರ್" ಅಂದರೆ ಬೇಜಾರು ಮಾಡ್ಕೋಬೇಡಿ ಅಂತ. ಕನ್ನಡಕ್ಕೆ ಸಾಲ ಬಂದ ಪದವೇ ಇಷ್ಟು ಆಡಿದರೆ, ಅದರ ತವರಿನಲ್ಲಿ ಎಷ್ಟು ಆಡಬೇಡ!

ತವರಿನ ಆಟ ಶುರುವಾಗೋದು ನೆಲದ ಕೆಳಗೆ. 'ಮೈಂಡ್ ದ ಗ್ಯಾಪ್' ಅನ್ನೋ ಮೂರು ಪದ ಲಂಡನ್ನಿಗೆ ಬಂದವರ ಕಿವಿಗೆ ಬೀಳದೆ ಇರೋದಿಲ್ಲ. ಟೀ ಶರ್ಟು, ಕಾಫಿ ಮಗ್ಗು, ಕೀ ಚೈನು, ಎಲ್ಲದರ ಮೇಲೂ ಅದೇ. ಅಂಡರ್‌ಗ್ರೌಂಡಿನಲ್ಲಿ ಈ ಎಚ್ಚರಿಕೆ ಶುರುವಾಗಿದ್ದು 1968ರಲ್ಲಿ. ಪ್ಲಾಟ್‌ಫಾರಂ ಬಿಲ್ಲಿನ ಹಾಗೆ ಬಾಗಿದ್ದು, ಬೋಗಿ ಮಾತ್ರ ನೆಟ್ಟಗೆ ಕೋಲಿನ ಹಾಗಿದ್ದರೆ ಎರಡರ ನಡುವೆ ಸಂದಿ ಉಳಿದೇ ಉಳಿಯುತ್ತೆ. ಸಿಬ್ಬಂದಿ ಪ್ರತಿ ರೈಲಿಗೂ ಕೂಗಿ ಕೂಗಿ ಸುಸ್ತಾಗೋ ಬದಲು ದನಿಯನ್ನು ಮುದ್ರಿಸಿ ಇಡೋಣ ಅಂತ ಯೋಚಿಸಿದರು. ಆಗ ದನಿ ಕೂಡಿಡೋ ಯಂತ್ರದ ಜಾಗ ಬಲು ದುಬಾರಿ, ಹಾಗಾಗಿ ಮಾತು ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೇದು. ಕೊನೆಗೆ ಉಳಿದದ್ದು ಮೂರೇ ಪದ. ಮೊದಲು ಹೇಳಿಸಿದ ನಟ ಪ್ರತಿ ಬಳಕೆಗೂ ರಾಯಲ್ಟಿ ಕೇಳಿದನಂತೆ. ಸೌಂಡ್ ಎಂಜಿನಿಯರ್ ಪೀಟರ್ ಲಾಡ್ಜ್ ಅವರು "ಸಹವಾಸವೇ ಬೇಡ" ಅಂತ ತಮ್ಮ ದನಿಯಲ್ಲೇ ಮುದ್ರಿಸಿ ಕೊಟ್ಟರು ಅನ್ನೋದು ಪ್ರಸಿದ್ಧ ಕತೆ.

ಈಗ ಇದನ್ನ ಕನ್ನಡಕ್ಕೆ ತನ್ನಿ ನೋಡೋಣ. "ಸಂದಿ ಮನಸ್ಸು"? ಉಹುಂ. ಇಲ್ಲಿ ಮೈಂಡ್ ಅಂದ್ರೆ 'ನೋಡ್ಕೊಳ್ಳಿ'. ಸಂದಿ ನೋಡ್ಕೊಂಡು ಇಳೀರಿ ಅಂತ. ಈ 'ನೋಡ್ಕೊಳ್ಳಿ'ಯನ್ನ ಹಿಡ್ಕೊಂಡರೆ ಇಂಗ್ಲಿಷಿನ ಅರ್ಧ ಬೀಗ ತೆರೆಯುತ್ತೆ! ಹಳೇ ಪಬ್ಬುಗಳ ಗಿಡ್ಡ ಬಾಗಿಲ ಮೇಲೆ 'ಮೈಂಡ್ ಯುವರ್ ಹೆಡ್' ಅಂತಿರುತ್ತೆ: ತಲೆ ನೋಡ್ಕೊಳ್ಳಿ. 'ಮೈಂಡ್ ದ ಸ್ಟೆಪ್': ಮೆಟ್ಟಿಲು ನೋಡ್ಕೊಂಡು ಬನ್ನಿ. 'ಮೈಂಡ್ ಯುವರ್ ಓನ್ ಬಿಸಿನೆಸ್': ನಿನ್ನ ಕೆಲಸ ನೀನು ನೋಡ್ಕೋ. 'ಮೈಂಡ್ ಯುವರ್ ಲ್ಯಾಂಗ್ವೇಜ್': ನೋಡ್ಕೊಂಡು ಮಾತಾಡು. ಬೇಸಿಗೆಯಲ್ಲಿ ಬೀದಿ ಬೀದಿಗೆ ರಾಗ ಹಾಡಿಕೊಂಡು ಬರೋ ಐಸ್‌ಕ್ರೀಂ ವ್ಯಾನಿನ ಹಿಂಭಾಗದಲ್ಲಿ 'ಮೈಂಡ್ ದಟ್ ಚೈಲ್ಡ್' ಅಂತ ಬರೆದಿರುತ್ತೆ. ಐಸ್‌ಕ್ರೀಮಿಗೆ ಓಡಿ ಬರೋ ಮಗುವನ್ನ ನೋಡ್ಕೊಂಡು ಗಾಡಿ ಓಡಿಸಿ ಅಂತ ಹಿಂದಿನ ಕಾರಿನವರಿಗೆ ಎಚ್ಚರಿಕೆ.

ಅದೇ ಮಗುವನ್ನ ದಿನವಿಡೀ ನೋಡಿಕೊಳ್ಳೋಳು 'ಚೈಲ್ಡ್‌ಮೈಂಡರ್'. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋ ನಮ್ಮವರ ಮನೆಗಳಲ್ಲಿ ಇವಳಿಲ್ಲದಿದ್ದರೆ ಕತೆ ಮುಗೀತು. ಊರಲ್ಲಾದರೆ ಪಕ್ಕದ ಮನೆ ಅತ್ತೆಯೋ ಅಜ್ಜಿಯೋ "ಬಿಟ್ಟು ಹೋಗಮ್ಮಾ, ನಾನು ನೋಡ್ಕೋತೀನಿ" ಅಂತಿದ್ರು. ಇಂಗ್ಲೆಂಡಿನಲ್ಲಿ ಆ 'ನೋಡ್ಕೋತೀನಿ'ಗೆ ಸರ್ಕಾರದ ಆಫ್‌ಸ್ಟೆಡ್ ಅಥವಾ ಯಾವುದಾದರೂ ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲಿ ನೋಂದಣಿ ಆಗಿರಬೇಕು. ಸಾಮಾನ್ಯ ನಿಯಮದಂತೆ ಒಬ್ಬ ಚೈಲ್ಡ್‌ಮೈಂಡರ್ ಒಂದು ಹೊತ್ತಿಗೆ ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಹೆಚ್ಚು ನೋಡಿಕೊಳ್ಳುವಂತಿಲ್ಲ.

ಬಾಲ ಕತ್ತರಿಸಿ ಬರೀ 'ಮೈಂಡರ್' ಅಂದಿರೋ, ಲಂಡನ್ನಿನ ಆಡುಮಾತಲ್ಲಿ ಅವನು ಬಾಡಿಗಾರ್ಡ್, ಕಟ್ಟುಮಸ್ತಾದ ರಕ್ಷಕ. 1979ರಲ್ಲಿ ಶುರುವಾಗಿ 1994ರ ತನಕ ಬಂದ 'ಮೈಂಡರ್' ಅನ್ನೋ ಟೀವಿ ಸರಣಿ ಈ ಅರ್ಥವನ್ನ ಮನೆಮನೆಗೂ ತಲುಪಿಸಿತು. ನಮ್ಮಲ್ಲೂ ಅಷ್ಟೇ ತಾನೇ? "ಮಗು ನೋಡ್ಕೋತೀನಿ" ಅಂದರೆ ಒಂದು, "ಹೊರಗೆ ಬಾ, ನಿನ್ನ ನೋಡ್ಕೋತೀನಿ" ಅಂದರೆ ಇನ್ನೊಂದು!

ಇಲ್ಲಿವರೆಗೂ ಸಲೀಸು. ನಮ್ಮವರು ಮುಗ್ಗರಿಸೋದು ಪ್ರಶ್ನೆ ಬಂದಾಗ. ರೈಲಿನಲ್ಲಿ ಪಕ್ಕದ ಸೀಟು ಖಾಲಿ ಇದೆ. ಒಬ್ಬಾಕೆ ಬಂದು "ಡು ಯೂ ಮೈಂಡ್ ಇಫ್ ಐ ಸಿಟ್ ಹಿಯರ್?" ಅಂತ ಕೇಳ್ತಾಳೆ. ಹೊಸದಾಗಿ ಬಂದ ನಮ್ಮ ಹುಡುಗ ತುಂಬು ಸೌಜನ್ಯದಿಂದ "ಯೆಸ್ ಯೆಸ್" ಅಂತ ತಲೆ ಆಡಿಸ್ತಾನೆ. ವ್ಯಾಕರಣದ ಪ್ರಕಾರ ಅವನು ಹೇಳಿದ್ದು "ಹೌದು, ನೀವು ಕೂತರೆ ನನಗೆ ಕಷ್ಟ" ಅಂತ! "ನೋ" ಅಂದರೆ ಕೂತ್ಕೊಳ್ಳಿ, "ಯೆಸ್" ಅಂದರೆ ಕೂರಬೇಡಿ. ಸಮಾಧಾನದ ವಿಷಯ ಏನಪ್ಪಾ ಅಂದ್ರೆ ಇಲ್ಲೇ ಹುಟ್ಟಿ ಬೆಳೆದವರೂ "ಯೆಸ್, ಶೂರ್, ಗೋ ಅಹೆಡ್" ಅಂತಲೇ ಹೇಳ್ತಾರೆ. ಆಕೆ ನಿಮ್ಮ ಪದವನ್ನಲ್ಲ, ಮುಖವನ್ನ ಓದ್ತಾಳೆ. ನಗ್ತಾ ಹೇಳಿದರೆ ಎರಡೂ ಸರಿ.

ಇಂಗ್ಲಿಷರ ಮರ್ಯಾದೆಯೆಲ್ಲ ಈ ಪದದ ಬೆನ್ನೇರಿ ಓಡಾಡುತ್ತೆ. "ಐ ವುಡಂಟ್ ಮೈಂಡ್ ಎ ಕಪ್ ಆಫ್ ಟೀ" ಅಂದರೆ ಟೀ ಬಂದರೆ ಬೇಜಾರಿಲ್ಲ ಅಂತ ಅಲ್ಲ, ಟೀ ಬೇಕೇ ಬೇಕು ಅಂತ. ಆಫೀಸಿನಲ್ಲಿ ಬಾಸ್ "ವುಡ್ ಯೂ ಮೈಂಡ್ ಸೆಂಡಿಂಗ್ ಇಟ್ ಟುಡೇ?" ಅಂದರೆ ಅದು ಪ್ರಶ್ನೆಯೇ ಅಲ್ಲ, ಆಜ್ಞೆ. ಕ್ಯೂ ಮುರಿದು ಮುಂದೆ ನುಗ್ಗಿದವನಿಗೆ ಹಿಂದಿನಿಂದ ಯಾರಾದರೂ "ಡು ಯೂ ಮೈಂಡ್!" ಅಂದರೆ ಅದು ಹೆಚ್ಚೂಕಡಿಮೆ ಬೈಗುಳ. ಇನ್ನು ಮಾತಿನ ಮಧ್ಯೆ ನುಸುಳೋ 'ಮೈಂಡ್ ಯೂ' ನಮ್ಮ 'ಹಾಗಂತ'ದ ತಮ್ಮ. "ಅವನು ಜಿಪುಣ. ಹಾಗಂತ ಕೆಟ್ಟವನಲ್ಲ."

ಇದರ ಕನ್ನಡ ರೂಪ ನಮ್ಮ ನಾಲಿಗೆ ತುದಿಯಲ್ಲೇ ಇದೆ. "ಏನೂ ಅಂದ್ಕೋಬೇಡಿ, ಒಂಚೂರು ಸರೀತೀರಾ?" "ಏನೂ ತಿಳ್ಕೋಬೇಡಿ, ಸಾಲ ಬೇಕಿತ್ತು." ಅಂದುಕೊಳ್ಳೋದು, ತಿಳಿದುಕೊಳ್ಳೋದು ಎರಡೂ ಮನಸ್ಸಿನ ಕೆಲಸಗಳೇ. ನಿಮ್ಮ ಮನಸ್ಸು ಈ ಕಡೆ ತಿರುಗದೇ ಇರಲಿ, ತಿರುಗಿದರೆ ಬೇಜಾರಾಗುತ್ತೆ ಅನ್ನೋ ಅಳುಕು ಎರಡೂ ಭಾಷೆಗಳಲ್ಲಿ ಒಂದೇ.

ಊರಿಂದ ಬಂದ ಅಜ್ಜಿ ಮತ್ತು ಇಲ್ಲೇ ಹುಟ್ಟಿದ ಮೊಮ್ಮಗನ ನಡುವೆ ಮಾತ್ರ ಈ ಪದ ಸಣ್ಣದೊಂದು 'ಗ್ಯಾಪ್' ತರೋದುಂಟು. "ಪುಟ್ಟಾ, ದೋಸೆ ಹಾಕ್ಲಾ?" "ಐ ಡೋಂಟ್ ಮೈಂಡ್, ಅಜ್ಜಿ." ಅವನ ಲೆಕ್ಕದಲ್ಲಿ ಅದು "ಆಗಬಹುದು". ಅಜ್ಜಿಗೆ ಕೇಳಿಸಿದ್ದು "ನಂಗೆ ನೀನು ಲೆಕ್ಕಕ್ಕಿಲ್ಲ". ಕಾವಲಿ ಕಾದಿದೆ, ಅಜ್ಜಿಯೂ ಕಾದಿದ್ದಾರೆ. ನಡುವೆ ಅಮ್ಮ ಬಂದು ತರ್ಜುಮೆ ಮಾಡಬೇಕು.

ಹೋಗಲಿ, 'ಮೈಂಡ್' ಅನ್ನೋ ನಾಮಪದವಾದರೂ ಮನಸ್ಸಿಗೆ ಸರಿಸಮನಾ? ಹುಟ್ಟಿನಲ್ಲಿ ಎರಡೂ ದಾಯಾದಿಗಳೇ. ಯೋಚಿಸು ಅನ್ನೋ ಅರ್ಥದ ಒಂದೇ ಹಳೇ ಬೇರಿನಿಂದ ಸಂಸ್ಕೃತದ ಮನಸ್, ಮತಿ, ಮಂತ್ರ, ಮಂತ್ರಿ ಬಂದವು. ಅದೇ ಬೇರಿನಿಂದ ಲ್ಯಾಟಿನ್ ಮೂಲಕ 'ಮೆಂಟಲ್', ಗ್ರೀಕ್ ಮೂಲಕ 'ಮೇನಿಯಾ', ಜರ್ಮನಿಕ್ ದಾರಿಯಲ್ಲಿ 'ಮೈಂಡ್' ಬಂದವು. 'ಇನ್ ಟೂ ಮೈಂಡ್ಸ್' ಅಂದರೆ ನಮ್ಮ ಎರಡು ಮನಸ್ಸೇ. 'ಚೇಂಜ್ ಯುವರ್ ಮೈಂಡ್' ಅಂದರೆ ಮನಸ್ಸು ಬದಲಾಯಿಸೋದೇ. ಆದರೆ 'ಹಾಫ್ ಎ ಮೈಂಡ್' ಹತ್ತಿರ ಹುಷಾರು! ನಮ್ಮ ಅರೆಮನಸ್ಸು ಅಂದರೆ ಇಷ್ಟವಿಲ್ಲದೆ ಮಾಡೋದು. "ಐ ಹ್ಯಾವ್ ಹಾಫ್ ಎ ಮೈಂಡ್ ಟು ರಿಸೈನ್" ಅಂದರೆ ರಾಜೀನಾಮೆ ಬಿಸಾಕಿಬಿಡೋಣ ಅನ್ನಿಸ್ತಿದೆ ಅಂತ. ಇಂಗ್ಲಿಷಿನ ಅರ್ಧ ಮನಸ್ಸು ಹೊರಡೋಕೆ ತಯಾರು, ಕನ್ನಡದ ಅರ್ಧ ಮನಸ್ಸು ಕೂತಲ್ಲಿಂದ ಏಳೋದಿಲ್ಲ.

ಈ ದಾಯಾದಿಗಳ ಪೈಕಿ ಹೆಚ್ಚು ಮರ್ಯಾದೆ ಕಳ್ಕೊಂಡಿದ್ದು 'ಮೆಂಟಲ್'. ಕನ್ನಡದಲ್ಲಿ ಅದು ನೇರ ಬೈಗುಳ. "ಲೇ ಮೆಂಟ್ಲು!" ಅಂತ ಕರೆಯದ ಹಾಸ್ಟೆಲ್ ಯಾವುದಿದೆ ಹೇಳಿ? ಬೆಂಗಳೂರಿನವರು ತಮಾಷೆಗೆ "ಇವನ್ನ ನಿಮ್ಹಾನ್ಸಿಗೆ ಸೇರಿಸ್ಬೇಕು" ಅಂತಾರೆ, ಉತ್ತರ ಕರ್ನಾಟಕದ ಕಡೆ "ಧಾರವಾಡಕ್ಕ ಕಳಸ್ಬೇಕು" ಅಂತಾರೆ. ಲಂಡನ್ನಿನವರು ನಮಗಿಂತ ಮೊದಲೇ ಈ ಕೆಲಸ ಮಾಡಿದ್ದರು. 1247ರಲ್ಲಿ ಬಿಷಪ್ಸ್‌ಗೇಟ್ ಬಳಿ ಶುರುವಾದ ಬೆತ್ಲೆಮ್ ಅನ್ನೋ ಮಠ ಮುಂದೆ ಮನೋರೋಗಿಗಳ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ 'ಬೆಡ್ಲಂ' ಆಯಿತು. ಅಲ್ಲಿನ ರೋಗಿಗಳನ್ನ ಮೃಗಾಲಯ ನೋಡಿದ ಹಾಗೆ ನೋಡೋಕೆ ಜನ ಮೋಜಿಗಾಗಿ ಹೋಗ್ತಿದ್ದರು. ಅದಕ್ಕೆ ಕಡಿವಾಣ ಬಿದ್ದಿದ್ದು 1770ರಲ್ಲಿ. ಗದ್ದಲಕ್ಕೆ, ಗೊಂದಲಕ್ಕೆ ಇಂಗ್ಲಿಷಿನಲ್ಲಿ 'ಬೆಡ್ಲಂ' ಅನ್ನೋದು ಅಲ್ಲಿಂದಲೇ ಬಂತು. ನೋವಿನ ಮನೆಯ ಹೆಸರು ಊರಿನ ನಗೆಚಾಟಿಕೆಯಾಯಿತು, ಥೇಟ್ ನಮ್ಮ ಹಾಗೆ.

ಆದರೆ ಕತೆ ಅಲ್ಲಿಗೇ ನಿಲ್ಲಲಿಲ್ಲ. ಆ ಆಸ್ಪತ್ರೆ ಜಾಗ ಬದಲಿಸುತ್ತಾ 1930ರಲ್ಲಿ ಲಂಡನ್ನಿನ ಅಂಚಿನ ಬೆಕೆನ್‌ಹ್ಯಾಮ್‌ಗೆ ಬಂತು. 2015ರಲ್ಲಿ ಅಲ್ಲೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಹೆಸರು 'ಬೆತ್ಲೆಮ್ ಮ್ಯೂಸಿಯಂ ಆಫ್ ದ ಮೈಂಡ್'. ಹಾಗೇ, 1946ರಲ್ಲಿ ಹುಟ್ಟಿದ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಘ 1972ರಲ್ಲಿ ತನ್ನ ಉದ್ದ ಹೆಸರು ಬಿಟ್ಟು 'ಮೈಂಡ್' ಅಂತ ಒಂದೇ ಪದ ಇಟ್ಟುಕೊಂಡಿತು. ಇಲ್ಲಿನ ಪೇಟೆಬೀದಿಗಳಲ್ಲಿ ಹಳೇ ಬಟ್ಟೆ, ಪುಸ್ತಕ ಮಾರೋ 'ಮೈಂಡ್' ಅಂಗಡಿಗಳು ಈ ಸಂಸ್ಥೆಯವೇ. ಹೆಸರಿಟ್ಟವರು ಜಾಣರು. ಆ ಒಂದು ಪದದಲ್ಲಿ ಮನಸ್ಸೂ ಇದೆ, ನೋಡಿಕೊಳ್ಳೋದೂ ಇದೆ.

ನಮ್ಮವರ ವಿಷಯಕ್ಕೆ ಬರೋಣ. ಇಲ್ಲಿನ ಜಿಪಿ, ಅಂದರೆ ನಮ್ಮ ಏರಿಯಾದ ಡಾಕ್ಟರು, ಪರೀಕ್ಷೆ ಮುಗಿಸಿ "ಈಸ್ ದೇರ್ ಎನಿಥಿಂಗ್ ಆನ್ ಯುವರ್ ಮೈಂಡ್?" ಅಂತ ಕೇಳೋದುಂಟು. ಮನಸ್ಸಿಗೆ ಏನಾದರೂ ಕಾಡ್ತಿದೆಯಾ ಅಂತ. ಮಗನ ಮನೆಗೆ ಬಂದು ಆರು ತಿಂಗಳಿಂದ ನಾಲ್ಕು ಗೋಡೆ ನೋಡ್ತಾ ಕೂತ ನಮ್ಮ ಅಮ್ಮಂದಿರು ಏನು ಹೇಳ್ತಾರೆ? "ಮಂಡಿ ನೋವು." ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ, ಮಾತಾಡೋಕೆ ಜನ ಇಲ್ಲ, ಅದ್ಯಾವುದೂ ಬಾಯಿಗೆ ಬರೋದಿಲ್ಲ. ಮನೆಗೆ ಬಂದು "ಯಾಕೋ ಮನಸ್ಸಿಗೆ ಸಮಾಧಾನಾನೇ ಇಲ್ಲ ಕಣೆ" ಅಂತ ಫೋನಿನಲ್ಲಿ ತಂಗಿಗೆ ಹೇಳ್ತಾರೆ. ಅದೇ ವಾಕ್ಯ ಡಾಕ್ಟರಿಗೆ ಬೇಕಿತ್ತು! 'ಮೆಂಟಲ್' ಅನ್ನೋ ಪದಕ್ಕೆ ನಾವು ಅಂಟಿಸಿದ ಕೊಳೆ ಎಷ್ಟಿದೆ ಅಂದರೆ, ಮನಸ್ಸಿಗೂ ಹುಷಾರು ತಪ್ಪಬಹುದು ಅಂತ ಹೇಳೋಕೆ ನಾಚಿಕೆ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ 'ಟಾಕಿಂಗ್ ಥೆರಪೀಸ್' ಅನ್ನೋ ಸೇವೆ ಇದೆ. ಜಿಪಿ ಚೀಟಿ ಇಲ್ಲದೆ ದೊಡ್ಡವರು ತಾವೇ ಹೆಸರು ಕೊಡಬಹುದು, ಇಂಗ್ಲಿಷ್ ಬಾರದಿದ್ದರೆ ದುಭಾಷಿಯನ್ನ ಕೇಳಬಹುದು, ಅದಕ್ಕೆ ದುಡ್ಡಿಲ್ಲ. ಯಾವ ಹೊತ್ತಿಗಾದರೂ ಫೋನ್ ಎತ್ತೋ ಸಮಾರಿಟನ್ಸ್ ಸಂಸ್ಥೆ 1953ರಲ್ಲಿ ಹುಟ್ಟಿದ್ದು ಲಂಡನ್ನಿನ ಒಂದು ಚರ್ಚಿನಲ್ಲಿ. ಅವರ ನಂಬರು 116 123. ಊರಲ್ಲಿರೋರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ಇರೋ ಮುಖ್ಯ ಸಂಸ್ಥೆ ನಾವು ತಮಾಷೆ ಮಾಡೋ ಅದೇ ನಿಮ್ಹಾನ್ಸ್. ಸಹಾಯವಾಣಿಯ ಹೆಸರು 'ಟೆಲಿ ಮಾನಸ್'. ಇಲ್ಲಿ ಮೈಂಡ್, ಅಲ್ಲಿ ಮಾನಸ್. ದಾಯಾದಿಗಳು ಕೊನೆಗೂ ಒಂದೇ ಕೆಲಸಕ್ಕೆ ಕೂತಿದ್ದಾರೆ.

ಇಷ್ಟೆಲ್ಲ ಅರ್ಥಗಳಿಗೂ ಮೊದಲು, ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕಿದ್ದ ಮುಖ್ಯ ಅರ್ಥವೇ ಬೇರೆ. ಅದು ಮನಸ್ಸೂ ಅಲ್ಲ, ಎಚ್ಚರವೂ ಅಲ್ಲ. ನೆನಪು! 'ರಿಮೈಂಡ್' ಅಂದರೆ ಮತ್ತೆ ನೆನಪಿಗೆ ತರೋದು ಅಲ್ವಾ, ಆ ಹಳೇ ಅರ್ಥ ಅಲ್ಲಿ ಇನ್ನೂ ಉಸಿರಾಡ್ತಿದೆ. ಸ್ಕಾಟ್ಲೆಂಡಿನವರು "ಡು ಯೂ ಮೈಂಡ್?" ಅಂದರೆ "ನೆನಪಿದೆಯಾ?" ಅಂತ ಕೇಳ್ತಿರಬಹುದು. 'ಟೈಮ್ ಔಟ್ ಆಫ್ ಮೈಂಡ್' ಅಂದರೆ ಯಾರ ನೆನಪಿಗೂ ಸಿಗದಷ್ಟು ಹಿಂದಿನ ಕಾಲ, ನಮ್ಮ ಅನಾದಿ ಕಾಲ. ಇಂಗ್ಲಿಷ್ ಕಾನೂನು ಎಷ್ಟು ಲೆಕ್ಕಾಚಾರದ್ದು ನೋಡಿ, ಈ ಅನಾದಿಗೂ ಒಂದು ಇಸವಿ ಇಟ್ಟಿತು: 1189! ಅದಕ್ಕೂ ಹಿಂದಿನದು ಕಾನೂನಿನ ನೆನಪಿಗೆ ಹೊರಗೆ.

ನನಗೆ ಅತಿ ಇಷ್ಟವಾದ ಬಳಕೆ ಚರ್ಚುಗಳಲ್ಲಿದೆ. ಐರಿಶ್ ಕ್ಯಾಥಲಿಕರು ಯಾರಾದರೂ ತೀರಿಕೊಂಡು ತಿಂಗಳಾದಾಗ ಮಾಡಿಸೋ ಪ್ರಾರ್ಥನೆಗೆ 'ಮಂತ್ಸ್ ಮೈಂಡ್' ಅಂತಾರೆ. ಇಂಗ್ಲೆಂಡಿನ ಕೆಲವು ಚರ್ಚುಗಳ ವಾರದ ಹಾಳೆಯಲ್ಲಿ 'ಇಯರ್ಸ್ ಮೈಂಡ್' ಅಂತ ಒಂದು ಪಟ್ಟಿ ಇರುತ್ತೆ, ಆ ವಾರದಲ್ಲಿ ಹಿಂದೆಂದೋ ತೀರಿಕೊಂಡವರ ಹೆಸರುಗಳು. ಕನ್ನಡಕ್ಕೆ ತಿರುಗಿಸೋಕೆ ನಿಘಂಟು ಬೇಡ. ಮಾಸಿಕ, ವರ್ಷಾಂತಿಕ! ಮನಸ್ಸು ಅಂದರೆ ಹೋದವರನ್ನ ಇಟ್ಟುಕೊಳ್ಳೋ ಜಾಗ ಅಂತ ಇವರಿಗೂ ಗೊತ್ತಿತ್ತು.

ಈ ಹಳೇ ಅರ್ಥಕ್ಕೂ ಆ ಮೂರು ಪದದ ಎಚ್ಚರಿಕೆಗೂ ಒಂದು ಕಡೆ ಗಂಟು ಬಿದ್ದಿದೆ, ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನಲ್ಲಿ. (ನಮ್ಮ ಬಸವಣ್ಣನವರ ಪ್ರತಿಮೆ 2015ರಿಂದ ನಿಂತಿರೋದು ಥೇಮ್ಸ್ ನದಿಯ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಇದು ಈಚೆ ದಡ.) 1914ರಲ್ಲಿ ಈ ಲೈನು ಇಲ್ಲಿಗೇ ಮುಗೀತಿತ್ತು, ರೈಲು ತಿರುಗಿ ಹೋಗೋಕೆ ನೆಲದಡಿಯಲ್ಲಿ ಒಂದು ಸುತ್ತು ಹಾಕಿದ್ದರು. ಉತ್ತರಕ್ಕೆ ಹೋಗೋ ನಾರ್ದರ್ನ್ ಲೈನ್ ಪ್ಲಾಟ್‌ಫಾರಂ ಇವತ್ತಿಗೂ ಆ ತಿರುವಿನ ಮೇಲೇ ಇದೆ. ಹಾಗಾಗಿ ಸಂದಿ ದೊಡ್ಡದು, ಎಚ್ಚರಿಕೆ ಬೇಕೇ ಬೇಕು. ಇಲ್ಲಿ ಆ ಎಚ್ಚರಿಕೆ ಹೇಳ್ತಿದ್ದ ದನಿ ಆಸ್ವಾಲ್ಡ್ ಲಾರೆನ್ಸ್ ಅನ್ನೋ ನಟನದು. 2007ರಲ್ಲಿ ಲಾರೆನ್ಸ್ ತೀರಿಕೊಂಡರು. ಅವರ ಪತ್ನಿ, ವೈದ್ಯೆ ಮಾರ್ಗರೆಟ್ ಮೆಕಾಲಮ್, ಆಮೇಲೂ ಈ ಪ್ಲಾಟ್‌ಫಾರಮ್ಮಿಗೆ ಬಂದು ಕೂರ್ತಿದ್ದರು, ರೈಲು ಬಿಟ್ಟು ಮುಂದಿನ ರೈಲಿಗೆ ಕಾಯ್ತಿದ್ದರು. ಗಂಡನ ದನಿ ಇನ್ನೊಂದು ಸಲ ಕೇಳೋಕೆ.

2012ರ ನವೆಂಬರಿನಲ್ಲಿ ಒಂದು ದಿನ ಆ ದನಿ ಇರಲಿಲ್ಲ. ಹೊಸ ಡಿಜಿಟಲ್ ವ್ಯವಸ್ಥೆ ಬಂದಿತ್ತು, ಹೊಸ ದನಿ ಬಂದಿತ್ತು. ಮೆಕಾಲಮ್ ರೈಲ್ವೆಯವರನ್ನ ಕೇಳಿಕೊಂಡರು, ಧ್ವನಿಮುದ್ರಣದ ಒಂದು ಪ್ರತಿ ಸಿಗಬಹುದಾ ಅಂತ. ಸಿಬ್ಬಂದಿ ಹುಡುಕಿ ಸೀಡಿ ಮಾಡಿ ಕೊಟ್ಟರು. ಅಷ್ಟಕ್ಕೇ ಸುಮ್ಮನಾಗಲಿಲ್ಲ, 2013ರಲ್ಲಿ ಆ ಪ್ಲಾಟ್‌ಫಾರಮ್ಮಿಗೆ ಲಾರೆನ್ಸರ ದನಿಯನ್ನೇ ಮರಳಿ ತಂದರು. ಈ ಕತೆ ತಿಳಿದ ಮೇಲೆ ಅಲ್ಲಿ ಇಳಿಯೋವಾಗ ಕೇಳಿ ನೋಡಿ, 'ಮೈಂಡ್' ಅನ್ನೋದು 'ಹುಷಾರು' ಅಂತಷ್ಟೇ ಕೇಳಿಸಲ್ಲ.

ನಮ್ಮವರಿಗೆ ಇದು ದೂರದ ಕತೆ ಅಲ್ಲ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ "ಮುಂದಿನ ನಿಲ್ದಾಣ..." ಅಂತ ಅಚ್ಚಗನ್ನಡದಲ್ಲಿ ಹೇಳ್ತಿದ್ದ ದನಿ ನೆನಪಿದೆಯಲ್ಲ? ಅಪರ್ಣಾ ಅವರದ್ದು. 'ಮಸಣದ ಹೂವು' ಸಿನಿಮಾದ ಹುಡುಗಿ, ದೂರದರ್ಶನದ ನಿರೂಪಕಿ, 'ಮಜಾ ಟಾಕೀಸ್'ನ ವರಲಕ್ಷ್ಮಿ. 2024ರ ಜುಲೈ 11ರಂದು ಅವರು ಹೋಗಿಬಿಟ್ಟರು. ಮಾರನೇ ದಿನ ಬೆಳಗ್ಗೆಯೂ ಮೆಟ್ರೋ ಓಡಿತು, ಅದೇ ದನಿ ಮುಂದಿನ ನಿಲ್ದಾಣದ ಹೆಸರು ಹೇಳಿತು. ಕೆಲಸಕ್ಕೆ ಹೊರಟ ಎಷ್ಟು ಜನ ಆ ಹೊತ್ತಿಗೆ ಫೋನಿನಿಂದ ತಲೆ ಎತ್ತಿದರೋ!

ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಟ್ಟಿದ್ದನ್ನ ಕನ್ನಡ ಮೂರಾಗಿ ಬಿಡಿಸಿದೆ: ಮನಸ್ಸು, ನೋಡಿಕೊಳ್ಳೋದು, ನೆನೆಯೋದು. ಬಿಡಿಸಿ ಇಟ್ಟಿದ್ದರಿಂದ ಮೂರೂ ಬೇರೆ ಬೇರೆ ಅಂತ ನಮಗೆ ಅನ್ನಿಸುತ್ತೆ. ಮನಸ್ಸಿನಲ್ಲಿ ಇಲ್ಲದವರನ್ನ ಯಾರೂ ನೋಡಿಕೊಳ್ಳೋದಿಲ್ಲ, ಚೆನ್ನಾಗಿ ನೋಡಿಕೊಂಡವರನ್ನ ಯಾರೂ ಮರೆಯೋದಿಲ್ಲ. ಇಲ್ಲಿನ ಹಿರಿಯರು ಬೀಳ್ಕೊಡುವಾಗ "ಮೈಂಡ್ ಹೌ ಯೂ ಗೋ" ಅಂತಾರೆ. ನೋಡ್ಕೊಂಡು ಹೋಗಿ ಅಂತ. ನಮ್ಮಲ್ಲಿ "ಹೋಗ್ಬನ್ನಿ" ಅಂತೀವಿ. ಈ ವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ, ಮಂಡಿ ನೋವು ಹೇಗಿದೆ" ಆದಮೇಲೆ "ಮನಸ್ಸಿಗೆ ಹೇಗಿದೀಯಮ್ಮಾ?" ಅಂತಲೂ ಒಂದು ಮಾತು ಕೇಳಿ. ಅವರೇನೂ ಮೈಂಡ್ ಮಾಡಲ್ಲ.